ಕೇಳಿದಷ್ಟೇ ಕೊಡುವ ದೇಹ

ಮೈಸೂರಿನ ಚಾಮುಂಡಿ ಬೆಟ್ಟವನ್ನು ಮೆಟ್ಟಿಲ ದಾರಿಯಲ್ಲಿ ಹತ್ತಿ ಇಳಿದವರಿಗೆಲ್ಲ ಈ ಸಂಗತಿ ಗೊತ್ತು. ಸಾವಿರ ಮೆಟ್ಟಿಲು ಹತ್ತುವಾಗ ಎದೆ ಬಡಿದುಕೊಳ್ಳುತ್ತದೆ, ದಾರಿಯ ನಂದಿ ವಿಗ್ರಹದ ಹತ್ತಿರ ಬರುವಷ್ಟರಲ್ಲಿ ಅಂಗಿ ತೊಯ್ದಿರುತ್ತದೆ. ಇಳಿಯುವುದು ಸುಲಭ, ಹರಟೆ ಹೊಡೆಯುತ್ತಲೇ ಇಳಿದುಬಿಡಬಹುದು. ಫಜೀತಿ ಇರುವುದು ಮರುದಿನ. ಕುರ್ಚಿಯಿಂದ ಏಳಬೇಕೆಂದರೆ ತೊಡೆ ಹಿಡಿದುಕೊಂಡು ಏಳಬೇಕು. ಅದರ ಮರುದಿನ ಇನ್ನೂ ಜೋರು. ಈ ನೋವು ಹತ್ತಿದ್ದರಿಂದ ಬಂದದ್ದಲ್ಲ. ಬಸ್ಸಿನಲ್ಲಿ ಮೇಲೆ ಹೋಗಿ ಮೆಟ್ಟಿಲು ಇಳಿದವರಿಗೂ ಬರುತ್ತದೆ. ಮೆಟ್ಟಿಲು ಹತ್ತಿ ಬಸ್ಸಿನಲ್ಲಿ ಇಳಿದವರಿಗೆ ಅಷ್ಟಾಗಿ ಬರುವುದಿಲ್ಲ. ಸುಸ್ತಾಗಿದ್ದು ಹತ್ತುವಾಗ, ನೋಯುವುದು ಇಳಿದದ್ದಕ್ಕೆ.

ಇನ್ನೊಂದು ಸೋಜಿಗ ಉಂಟು. ಈ ನೋವು ಗಟ್ಟಿಮುಟ್ಟಾದವರನ್ನೂ ಬಿಡುವುದಿಲ್ಲ. ದಿನಾ ಹತ್ತಾರು ಕಿಲೊಮೀಟರ್ ಸೈಕಲ್ ತುಳಿಯುವ ತರುಣ ನರಳುತ್ತಾನೆ. ವರ್ಷಗಟ್ಟಲೆ ಬೆಳಗ್ಗೆ ಯೋಗಾಸನ ಹಾಕಿದವರೂ ನರಳುತ್ತಾರೆ. ಆದರೆ ಮುಂಜಾನೆ ಬೆಟ್ಟ ಹತ್ತಿ ಇಳಿಯುವ ಅಭ್ಯಾಸ ಇರುವ ಅರವತ್ತು ದಾಟಿದ ಮೈಸೂರಿಗರಿಗೆ ಏನೂ ಆಗುವುದಿಲ್ಲ. ಹಾಗಾದರೆ ನಾವು ‘ಫಿಟ್’ ಎಂದು ಕರೆಯುವುದು ಯಾವುದನ್ನು?

ಇಳಿಯುವಾಗ ತೊಡೆ ಮಾಡುವ ಕೆಲಸ

ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತ ಮೈಯನ್ನು ಮೇಲೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಬಿಗಿಯಾಗಿದ್ದುಕೊಂಡೇ ಉದ್ದವಾಗಬೇಕು. ಇಲ್ಲದಿದ್ದರೆ ಮಂಡಿ ಮಡಿಚಿ ಮುಗ್ಗರಿಸುತ್ತೇವೆ. ಕ್ರೀಡಾ ವಿಜ್ಞಾನದವರು ಎಕ್ಸೆಂಟ್ರಿಕ್ ಎನ್ನುವ ಈ ಕೆಲಸವನ್ನು ನಾವು ‘ತಡೆಬಿಗಿತ’ ಎನ್ನೋಣ. ತಡೆಬಿಗಿತಕ್ಕೆ ಆಮ್ಲಜನಕ ಕಡಿಮೆ ಸಾಕು, ಆದ್ದರಿಂದ ಏದುಸಿರು ಬರುವುದಿಲ್ಲ. ಆದರೆ ಕೆಲವೇ ಸ್ನಾಯು ಎಳೆಗಳು ಹೆಚ್ಚು ಭಾರ ಹೊರುವುದರಿಂದ ಎಳೆಯೊಳಗಿನ ಅತಿ ಸಣ್ಣ ಜೋಡಣೆಗಳು ಅಲ್ಲಲ್ಲಿ ಕಳಚುತ್ತವೆ. ಆಮೇಲೆ ದುರಸ್ತಿ ಶುರುವಾಗುತ್ತದೆ, ಅದರ ಜೊತೆಗೆ ಸ್ವಲ್ಪ ಊತ, ನೋವು. ನೋವು ತುದಿ ಮುಟ್ಟುವುದು 24ರಿಂದ 72 ಗಂಟೆಯ ನಡುವೆ.

‘ಲ್ಯಾಕ್ಟಿಕ್ ಆಸಿಡ್ ತುಂಬಿಕೊಂಡಿದೆ ಸಾರ್’ ಎಂದು ಜಿಮ್ಮುಗಳಲ್ಲಿ ಈಗಲೂ ಹೇಳುತ್ತಾರೆ. ಅದು ತಪ್ಪು. ಆ ಆಮ್ಲ ಹೆಚ್ಚು ಹುಟ್ಟುವುದೇ ಏದುಸಿರು ಬರುವ ಹತ್ತುವಿಕೆಯಲ್ಲಿ, ಮತ್ತು ಒಂದೆರಡು ಗಂಟೆಯಲ್ಲಿ ಅದು ತೆರವಾಗಿರುತ್ತದೆ. ತಡವಾಗಿ ಬರುವ ಈ ನೋವಿಗೆ ಸ್ನಾಯುವಿನೊಳಗಿನ ಸಣ್ಣ ಸೀಳುಗಳೇ ಕಾರಣವಿರಬೇಕು ಎಂದು ಅಮೆರಿಕದ ಥಿಯೋಡರ್ ಹಫ್ 1902ರಲ್ಲೇ ಬರೆದಿದ್ದರು. ನೂರು ವರ್ಷ ಕಳೆದರೂ ಜಿಮ್ಮಿಗೆ ಆ ಸುದ್ದಿ ಮುಟ್ಟಿಲ್ಲ.

ದುರಸ್ತಿ ಮುಗಿದ ಮೇಲೆ ಸ್ನಾಯು ಮೊದಲಿನಂತೆ ಇರುವುದಿಲ್ಲ. ಎರಡು ವಾರ ಬಿಟ್ಟು ಮತ್ತೆ ಅಷ್ಟೇ ಮೆಟ್ಟಿಲು ಇಳಿದರೆ ನೋವು ಬಹಳ ಕಡಿಮೆ. ಒಂದೇ ಸಲದ ತಡೆಬಿಗಿತ ಕೊಟ್ಟ ಈ ರಕ್ಷಣೆ ವಾರಗಟ್ಟಲೆ, ಕೆಲವು ಪ್ರಯೋಗಗಳಲ್ಲಿ ತಿಂಗಳುಗಟ್ಟಲೆ ಉಳಿದದ್ದು ಕಂಡುಬಂದಿದೆ. ಈಗ ಸೈಕಲ್ ತರುಣನ ಕಡೆ ನೋಡಿ. ಪೆಡಲನ್ನು ಒತ್ತಬೇಕೇ ಹೊರತು ತಡೆಯಬೇಕಾಗಿಲ್ಲ. ಅವನ ತೊಡೆ ಲಕ್ಷಾಂತರ ಸಲ ಕುಗ್ಗಿದೆ, ತಡೆಯುವ ಕೆಲಸವನ್ನು ಮಾತ್ರ ಯಾರೂ ಅದಕ್ಕೆ ಹೇಳಿಯೇ ಇಲ್ಲ.

ಉಗ್ರಾಣದ ಕೀಲಿ

ಹಳೆಯ ಕೂಡುಕುಟುಂಬದ ಜಿಪುಣ ಯಜಮಾನನೊಬ್ಬನನ್ನು ನೆನೆಸಿಕೊಳ್ಳಿ. ಉಗ್ರಾಣದ ಕೀಲಿ ಅವನ ಸೊಂಟದಲ್ಲಿ. ಬಂದು ಕೇಳಿದವರಿಗೆ ಅಕ್ಕಿ ಅಳೆದು ಕೊಡುತ್ತಾನೆ. ಹಿರಿಸೊಸೆ ಕೇಳಿದಳೆಂದು ಕಿರಿಸೊಸೆಯ ಪಾಲನ್ನು ಹೆಚ್ಚಿಸುವುದಿಲ್ಲ. ನಾಲ್ಕು ದಿನ ಯಾರಾದರೂ ಕೇಳಲು ಬರದಿದ್ದರೆ ‘ಇವರಿಗೆ ಬೇಕಿಲ್ಲ’ ಎಂದು ಅವರ ಅಳತೆಯನ್ನೇ ಇಳಿಸುತ್ತಾನೆ. ದೇಹದ ಆಡಳಿತವೂ ಹೀಗೆಯೇ. ಸ್ನಾಯು, ಮೂಳೆ, ರಕ್ತ ಎಲ್ಲವನ್ನೂ ಸಾಕಲು ಅನ್ನ ಬೇಕು. ಬರಗಾಲಗಳನ್ನು ದಾಟಿ ಬಂದ ಜೀವಿಗೆ ಕೆಲಸವಿಲ್ಲದ ಅಂಗಾಂಶವನ್ನು ಪೋಷಿಸುವುದು ದುಬಾರಿ.

ಈ ಲೆಕ್ಕ ಎಷ್ಟು ಕಟ್ಟುನಿಟ್ಟು ಎಂಬುದಕ್ಕೆ ಟೆನಿಸ್ ಆಟಗಾರರ ತೋಳೇ ಸಾಕ್ಷಿ. 1977ರಲ್ಲಿ ಪ್ರಕಟವಾದ ಅಧ್ಯಯನವೊಂದು ಚಿಕ್ಕಂದಿನಿಂದ ಆಡಿದ ವೃತ್ತಿಪರ ಆಟಗಾರರ ಎಕ್ಸ್‌ರೇಗಳನ್ನು ಅಳೆಯಿತು. ರ‍್ಯಾಕೆಟ್ ಹಿಡಿಯುವ ಮೇಲ್ದೋಳಿನ ಮೂಳೆಯ ಗೋಡೆ ಇನ್ನೊಂದು ತೋಳಿನದಕ್ಕಿಂತ ಗಂಡಸರಲ್ಲಿ ಸುಮಾರು 35%, ಹೆಂಗಸರಲ್ಲಿ ಸುಮಾರು 28% ದಪ್ಪವಾಗಿತ್ತು. ಎರಡೂ ತೋಳಿಗೆ ಹರಿಯುವುದು ಒಂದೇ ರಕ್ತ, ತಿಂದದ್ದು ಒಂದೇ ಊಟ, ಹಾರ್ಮೋನುಗಳೂ ಒಂದೇ. ಒಂದು ತೋಳು ಕೇಳಿತು, ಇನ್ನೊಂದು ಕೇಳಲಿಲ್ಲ.

(ಒಂದು ಅಪವಾದ ಹೇಳದಿದ್ದರೆ ತಪ್ಪಾದೀತು. ಬಲಗೈಗೆ ಮಾತ್ರ ಕಸರತ್ತು ಮಾಡಿಸಿದರೆ ಎಡಗೈಯ ಬಲವೂ ಸ್ವಲ್ಪ ಏರುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1894ರಲ್ಲೇ ಇದನ್ನು ತೋರಿಸಿದ್ದರು. ಇಲ್ಲಿ ಕಲಿತದ್ದು ಎಡಗೈಯ ಸ್ನಾಯುವಲ್ಲ, ಎರಡೂ ಕೈಗಳನ್ನು ಆಳುವ ನರಮಂಡಲ. ಕೈಗೆ ಪೆಟ್ಟಾಗಿ ಪಟ್ಟಿ ಕಟ್ಟಿಸಿಕೊಂಡವರಿಗೆ ಇದು ನಿಜಕ್ಕೂ ಉಪಯೋಗಕ್ಕೆ ಬರುವ ವಿಷಯ.)

ಕೇಳುವುದನ್ನು ಪೂರ್ತಿ ನಿಲ್ಲಿಸಿದರೆ? 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ದೇಹ ಬಳಸಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣ ಕಾಲುಭಾಗಕ್ಕಿಂತ ಹೆಚ್ಚು ಕುಸಿಯಿತು. ಮೂವತ್ತು ವರ್ಷ ಕಳೆದ ಮೇಲೆ ಅದೇ ಐವರನ್ನು ಮತ್ತೆ ಕರೆದು ಪರೀಕ್ಷಿಸಿದರು. ಮೂವತ್ತು ವರ್ಷದ ಮುಪ್ಪು ಕಸಿದದ್ದಕ್ಕಿಂತ ಆ ಮೂರು ವಾರದ ಹಾಸಿಗೆ ಕಸಿದದ್ದೇ ಹೆಚ್ಚಾಗಿತ್ತು.

ಒಬ್ಬೊಬ್ಬರ ಕೇಳಿಕೆ ಒಂದೊಂದು ತರಹ

‘ವ್ಯಾಯಾಮ’ ಎಂಬ ಒಂದೇ ಪದ ನಮ್ಮನ್ನು ದಾರಿ ತಪ್ಪಿಸುತ್ತದೆ. ಜೀವಕೋಶಕ್ಕೆ ಯೋಗ, ಜಿಮ್, ಗರಡಿ, ಭರತನಾಟ್ಯ ಎಂಬ ಹೆಸರುಗಳು ತಿಳಿಯವು. ಅದಕ್ಕೆ ತಿಳಿಯುವುದು ಎಳೆತ, ಇಂಧನದ ಕೊರತೆ, ಬಾಗು, ಪೆಟ್ಟು ಇಂಥವು ಮಾತ್ರ.

ಬಲದ ವಿಷಯಕ್ಕೆ ಬಂದರೆ ಸ್ನಾಯು ಗಮನಿಸುವುದು ಎಳೆತ ಎಷ್ಟು ಜೋರಾಗಿದೆ ಎಂಬುದನ್ನು. ಭಾರ ಎತ್ತಲು ಶುರುಮಾಡಿದ ಮೊದಲ ಕೆಲವು ವಾರ ತೋಳು ದಪ್ಪವಾಗುವುದಿಲ್ಲ, ಆದರೂ ಬಲ ಏರುತ್ತದೆ. ಇರುವ ಎಳೆಗಳನ್ನು ಒಟ್ಟಿಗೆ ದುಡಿಸಲು ನರಗಳು ಕಲಿಯುತ್ತವೆ ಎಂದು 1979ರಲ್ಲಿ ಮೊರಿಟಾನಿ ಮತ್ತು ಡಿವ್ರೀಸ್ ಎಂಬ ಸಂಶೋಧಕರು ತೋರಿಸಿದರು. ಎಳೆತ ಮುಂದುವರಿದರೆ ಕೋಶದೊಳಗೆ ಹೊಸ ಪ್ರೋಟೀನ್ ಹೆಣೆಯುವ ಕೆಲಸ ಚುರುಕಾಗುತ್ತದೆ, ಆಮೇಲೆ ತೋಳು ತುಂಬಿಕೊಳ್ಳುತ್ತದೆ.

ದಮ್ಮಿನ ಕೇಳಿಕೆ ಬೇರೆ. ಓಡುವಾಗ, ಈಜುವಾಗ, ಬೆಟ್ಟ ಹತ್ತುವಾಗ ಕೋಶದ ಇಂಧನ ಇಳಿಯುತ್ತ ಹೋಗುತ್ತದೆ. ಅದನ್ನು ಅಳೆಯುವ ಒಂದು ಕಿಣ್ವ ಒಳಗೇ ಇದೆ. ಕೊರತೆ ಹೊತ್ತುಗಟ್ಟಲೆ ಮುಂದುವರಿದರೆ ಅದು ಹೊಸ ಮೈಟೊಕಾಂಡ್ರಿಯಾ, ಅಂದರೆ ಇಂಧನ ಉರಿಸುವ ‘ಶಕ್ತಿಗೂಡು’ಗಳನ್ನು ಕಟ್ಟಲು ಸೂಚನೆ ಕೊಡುತ್ತದೆ. 1967ರಲ್ಲಿ ಸಂಶೋಧಕ ಜಾನ್ ಹೊಲೊಸ್ಜಿ ಇಲಿಗಳನ್ನು ಟ್ರೆಡ್‌ಮಿಲ್ ಮೇಲೆ ವಾರಗಟ್ಟಲೆ ಓಡಿಸಿ, ಅವುಗಳ ಸ್ನಾಯುವಿನ ಶಕ್ತಿಗೂಡುಗಳ ಸಾಮರ್ಥ್ಯ ಸುಮಾರು ಎರಡು ಪಟ್ಟಾದದ್ದನ್ನು ಕಂಡರು. ಆಸನದಲ್ಲಿ ನಿಶ್ಚಲವಾಗಿ ನಿಂತಾಗ ಈ ಕೊರತೆ ಅಷ್ಟಾಗಿ ಹುಟ್ಟುವುದಿಲ್ಲ. ಇಪ್ಪತ್ತು ವರ್ಷ ಯೋಗ ಮಾಡಿದವರು ಮೂರನೇ ಮಹಡಿಗೆ ಏದುಸಿರು ಬಿಡುವುದು ಯೋಗದ ಸೋಲಲ್ಲ. ಯೋಗ ಆ ಪ್ರಶ್ನೆಯನ್ನು ಅಷ್ಟು ಗಟ್ಟಿಯಾಗಿ ಕೇಳಿರಲಿಲ್ಲ, ಅಷ್ಟೇ.

ಮೂಳೆಯ ಸ್ವಭಾವ ನನಗೆ ಎಲ್ಲಕ್ಕಿಂತ ಕುತೂಹಲದ್ದು. ಗಟ್ಟಿ ಮೂಳೆಯೊಳಗೆ ಸೂಕ್ಷ್ಮ ಕಾಲುವೆಗಳಿವೆ, ಅವುಗಳಲ್ಲಿ ದ್ರವ ತುಂಬಿದೆ, ನಡುನಡುವೆ ಜೀವಂತ ಕೋಶಗಳು ಕೂತಿವೆ. ಮೂಳೆ ಕಾಣದಷ್ಟು ಬಾಗಿದರೂ ದ್ರವ ಹರಿದು ಆ ಕೋಶಗಳಿಗೆ ಸುದ್ದಿ ತಲುಪುತ್ತದೆ. 1984ರಲ್ಲಿ ರೂಬಿನ್ ಮತ್ತು ಲ್ಯಾನ್ಯನ್ ಎಂಬ ಸಂಶೋಧಕರು ಹುಂಜಗಳ ರೆಕ್ಕೆಯ ಮೂಳೆಯನ್ನು ಯಂತ್ರದಿಂದ ಬಾಗಿಸಿ ನೋಡಿದರು. ದಿನಕ್ಕೆ ನಾಲ್ಕೇ ಸಲ ಬಾಗಿಸಿದರೂ ಮೂಳೆ ಸವೆಯುವುದು ನಿಂತಿತು. 36 ಸಲ ಬಾಗಿಸಿದಾಗ ಬೆಳೆಯಿತು. 1,800 ಸಲ ಬಾಗಿಸಿದಾಗ ಅದಕ್ಕಿಂತ ಹೆಚ್ಚೇನೂ ಸಿಗಲಿಲ್ಲ. ಮೂಳೆಗೆ ಬೇಕಾದದ್ದು ಜೋರಾದ, ಚುರುಕಾದ, ಬೇರೆಬೇರೆ ದಿಕ್ಕಿನ ಪೆಟ್ಟು, ಅದೂ ಸ್ವಲ್ಪವೇ. ಗಂಟೆಗಟ್ಟಲೆ ಒಂದೇ ಹದದಲ್ಲಿ ನಡೆದರೆ ಅದಕ್ಕೆ ಬೇಗ ಬೇಸರ. ವರ್ಷಗಟ್ಟಲೆ ಬರೀ ಸೈಕಲ್ ತುಳಿದ ಸ್ಪರ್ಧಿಗಳ ಬೆನ್ನುಮೂಳೆ ಎಷ್ಟೋ ಸಲ ಅವರ ವಯಸ್ಸಿಗೆ ಇರಬೇಕಾದಷ್ಟು ಗಟ್ಟಿಯಿರುವುದಿಲ್ಲ. ನಾಲ್ಕು ಕುಪ್ಪಳಿಕೆ, ಹಗ್ಗದಾಟ, ಕುಣಿತದ ಹೆಜ್ಜೆ ಇಲ್ಲಿ ದೊಡ್ಡ ಕೆಲಸ ಮಾಡುತ್ತವೆ.

ಮೈ ಬಾಗುವುದರ ಬಗ್ಗೆ ಬೇಗ ಹೇಳಿಬಿಡಬಹುದು. ದಿನಾ ಬಗ್ಗಿ ಕಾಲ್ಬೆರಳು ಮುಟ್ಟುವ ಅಭ್ಯಾಸದಿಂದ ಮೊದಲ ವಾರಗಳಲ್ಲಿ ಸ್ನಾಯು ಉದ್ದವಾಗುವುದಕ್ಕಿಂತ ಹೆಚ್ಚಾಗಿ, ಎಳೆತವನ್ನು ನರಮಂಡಲ ಸಹಿಸಿಕೊಳ್ಳುವುದು ಹೆಚ್ಚುತ್ತದೆ. ಸಮತೋಲ ಬಹುಮಟ್ಟಿಗೆ ಮಿದುಳಿನ ಕಲಿಕೆ. ತೂಗಾಡಿದರೆ ಮಾತ್ರ ಬರುತ್ತದೆ, ಗೋಡೆ ಹಿಡಿದು ನಿಂತರೆ ಬರುವುದಿಲ್ಲ.

ಉಸಿರಿನದು ಇನ್ನೊಂದು ಲೋಕ. ಇಟಲಿಯ ಲುಚಿಯಾನೊ ಬೆರ್ನಾರ್ದಿ ಮತ್ತು ಸಂಗಡಿಗರು 2001ರಲ್ಲಿ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನೂ ಯೋಗದ ಮಂತ್ರವನ್ನೂ ಹೋಲಿಸಿ ನೋಡಿದರು. ಎರಡೂ ಉಸಿರನ್ನು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಸಿದವು. ಆ ಲಯದಲ್ಲಿ ರಕ್ತದೊತ್ತಡವನ್ನು ಸರಿದೂಗಿಸುವ ನರಗಳು ಹೆಚ್ಚು ಸೂಕ್ಷ್ಮವಾಗಿ ಸ್ಪಂದಿಸಿದವು. ಡಂಬೆಲ್ ಇದನ್ನು ಎಂದೂ ಕೇಳಲಾರದು.

ಬೆರಕೆ ನಮ್ಮಲ್ಲಿ ಹೊಸದಲ್ಲ

ಒಂದೇ ಸಾಧನೆ ಹಿಡಿದು ಕೂರಬೇಕು, ಬೆರೆಸಿದರೆ ಅಶುದ್ಧ ಎನ್ನುವ ಗುರುಗಳು ಈಗಲೂ ಇದ್ದಾರೆ. ಅವರಿಗೆ ಬೆಂಗಳೂರಿನ ಕೆ.ವಿ. ಅಯ್ಯರ್ ಅವರನ್ನು ನೆನಪಿಸಬೇಕು. ‘ರೂಪದರ್ಶಿ’, ‘ಶಾಂತಲಾ’ ಕಾದಂಬರಿಗಳ ಲೇಖಕರೆಂದು ಕನ್ನಡಿಗರು ಬಲ್ಲ ಅಯ್ಯರ್, ವ್ಯಾಯಾಮಶಾಲೆ ನಡೆಸಿ ದೇಶದ ಹೆಸರಾಂತ ಅಂಗಸಾಧಕರಾಗಿದ್ದವರು. ಅಂಚೆಯ ಮೂಲಕವೂ ಶಿಷ್ಯರಿಗೆ ಪಾಠ ಕಳಿಸುತ್ತಿದ್ದರು. ಅವರ ಪದ್ಧತಿಯಲ್ಲಿ ಪಶ್ಚಿಮದ ಭಾರದ ಕಸರತ್ತೂ ಇತ್ತು, ಸೂರ್ಯನಮಸ್ಕಾರವೂ ಹಠಯೋಗವೂ ಇದ್ದವು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ್ದೂ 1930ರ ದಶಕದಲ್ಲೇ. ಹಾಸನ ಸೀಮೆಯಿಂದ ಬಂದ ಪಟ್ಟಾಭಿ ಜೋಯಿಸರು, ಕೋಲಾರದ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಇಬ್ಬರೂ ಅವರ ಶಿಷ್ಯರು. ಆ ಕಾಲದ ಮೈಸೂರು ಯೋಗದಲ್ಲಿ ಗರಡಿಯ ದಂಡ, ಮಲ್ಲಗಂಬ, ಜಿಮ್ನಾಸ್ಟಿಕ್ಸ್‌ಗಳ ನೆರಳಿದೆ ಎಂದು ಸಂಶೋಧಕ ನಾರ್ಮನ್ ಶೋಮನ್ 1996ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಎಲ್ಲರೂ ಒಪ್ಪಿದ ಮಾತಲ್ಲ. ನನಗಂತೂ ಇದು ಯೋಗಕ್ಕೆ ಕುಂದು ಎನಿಸುವುದಿಲ್ಲ. ಒಂದು ಪದ್ಧತಿ ಕೇಳದ್ದನ್ನು ಇನ್ನೊಂದರಿಂದ ತಂದುಕೊಳ್ಳುವುದು ಜಾಣತನವೇ.

ನಮ್ಮ ಅಜ್ಜಿಯರ ಮನೆಗೆಲಸದಲ್ಲೂ ಕೇಳಿಕೆಗಳು ಹಲವು ಇದ್ದವು. ಬಾವಿಯ ಹಗ್ಗ, ರುಬ್ಬುವ ಕಲ್ಲು, ನೆಲದಲ್ಲಿ ಕೂತು ಏಳುವುದು. ಹಾಗೆಂದು ಆ ಕಾಲವೇ ಚೆನ್ನಾಗಿತ್ತು ಎನ್ನಲಾರೆ. ಅರೆಹೊಟ್ಟೆಯಲ್ಲಿ, ವಿಶ್ರಾಂತಿಯಿಲ್ಲದೆ ದುಡಿದವರ ಉಗ್ರಾಣದಲ್ಲಿ ಕೊಡಲು ಏನೂ ಇರುತ್ತಿರಲಿಲ್ಲ. ಕೇಳಿದ್ದು ಸಿಗಬೇಕಾದರೆ ಅನ್ನವೂ ನಿದ್ದೆಯೂ ಒಳಗೆ ಬರಬೇಕು.

ಬೆರೆಸಿದರೆ ಒಂದನ್ನೊಂದು ತಿನ್ನುತ್ತವೆಯೇ?

ಇದಕ್ಕೆ ಉತ್ತರ ಹುಡುಕಿದವರಲ್ಲಿ ಮೊದಲಿಗರು ರಾಬರ್ಟ್ ಹಿಕ್ಸನ್. 1980ರ ಅವರ ಪ್ರಯೋಗದಲ್ಲಿ ಒಂದು ಗುಂಪು ಭಾರ ಎತ್ತಿತು, ಒಂದು ಗುಂಪು ಓಟ ಮತ್ತು ಸೈಕಲ್ ಹಿಡಿಯಿತು, ಮೂರನೆಯದು ಎರಡನ್ನೂ ಮಾಡಿತು. ಹತ್ತು ವಾರದ ಪ್ರಯೋಗ. ಎರಡನ್ನೂ ಮಾಡಿದವರ ದಮ್ಮಿಗೆ ಏನೂ ಕೊರತೆಯಾಗಲಿಲ್ಲ. ಕಾಲಿನ ಬಲ ಮಾತ್ರ ಏಳನೇ ವಾರದವರೆಗೆ ಏರಿ, ಅಲ್ಲೇ ನಿಂತು, ಕೊನೆಗೆ ಇಳಿಯಿತು. ಇಂಧನದ ಕೊರತೆಯನ್ನು ಸಾರುವ ಕಿಣ್ವ ಪ್ರೋಟೀನ್ ಹೆಣೆಯುವ ಕೆಲಸಕ್ಕೆ ಕಡಿವಾಣ ಹಾಕಬಲ್ಲದು ಎಂಬುದು ಆಮೇಲೆ ತಿಳಿಯಿತು. ಉಗ್ರಾಣ ಬರಿದಾಗುತ್ತಿದ್ದರೆ ಯಜಮಾನ ಮನೆ ಕಟ್ಟಿಸುವ ಮಾತಾಡುವುದಿಲ್ಲ.

ಆದರೆ ಹಿಕ್ಸನ್ ಅವರ ಗುಂಪು ವಾರಕ್ಕೆ ಐದು ದಿನ ಭಾರ, ಆರು ದಿನ ಓಟ-ಸೈಕಲ್ ಮಾಡಿತ್ತು, ಅದೂ ಮೈಮುರಿಯುವಂತೆ. ಆಮೇಲಿನ ಹತ್ತಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬೆರಕೆಯಿಂದ ಸ್ನಾಯುವಿನ ಗಾತ್ರಕ್ಕೂ ಬಲಕ್ಕೂ ಹೇಳಿಕೊಳ್ಳುವಂಥ ನಷ್ಟ ಕಾಣಲಿಲ್ಲ. ತಟ್ಟನೆ ಸಿಡಿಯುವ ಬಲಕ್ಕೆ ಮಾತ್ರ ಸ್ವಲ್ಪ ಪೆಟ್ಟು, ಅದೂ ಮುಖ್ಯವಾಗಿ ಎರಡನ್ನೂ ಒಂದೇ ಹೊತ್ತಿಗೆ ಮಾಡಿದಾಗ. ಒಲಿಂಪಿಕ್ಸ್‌ಗೆ ಹೊರಟವರು ಯೋಚಿಸಲಿ, ನಾವು ಬೆರೆಸಬಹುದು.

ಕಟ್ಟಲು ಹೆಚ್ಚು, ಉಳಿಸಲು ಕಡಿಮೆ

ಎಲ್ಲವನ್ನೂ ಕೇಳಲು ಹೊತ್ತೆಲ್ಲಿದೆ ಎಂಬುದು ನ್ಯಾಯವಾದ ಪ್ರಶ್ನೆ. ಯಜಮಾನನ ಜಿಪುಣತನದಲ್ಲಿ ಒಂದು ಸಂದು ಇದೆ. ಹೊಸದಾಗಿ ಪಡೆಯಲು ಪದೇ ಪದೇ ಕೇಳಬೇಕು. ಪಡೆದದ್ದನ್ನು ಉಳಿಸಿಕೊಳ್ಳಲು ಆಗಾಗ ನೆನಪಿಸಿದರೆ ಸಾಕು. ಅದೇ ಹಿಕ್ಸನ್ ಬೇರೆ ಪ್ರಯೋಗಗಳಲ್ಲಿ, ವಾರಕ್ಕೆ ಆರು ದಿನ ದುಡಿದು ದಮ್ಮು ಬೆಳೆಸಿಕೊಂಡವರ ಕಸರತ್ತನ್ನು ಎರಡು ದಿನಕ್ಕೆ ಇಳಿಸಿದರು. ಹದಿನೈದು ವಾರವಾದರೂ ದಮ್ಮು ಉಳಿಯಿತು. ದಿನದ 40 ನಿಮಿಷವನ್ನು 13ಕ್ಕೆ ಇಳಿಸಿದಾಗಲೂ ಉಳಿಯಿತು. ಬಿರುಸು ತಗ್ಗಿಸಿದಾಗ ಮಾತ್ರ ಕುಸಿಯಿತು. ಬಲದ ವಿಷಯದಲ್ಲೂ ಹೀಗೆಯೇ. 2011ರಲ್ಲಿ ಅಮೆರಿಕದ ಅಲಬಾಮಾದಲ್ಲಿ ನಡೆದ ಅಧ್ಯಯನದಲ್ಲಿ ಎಳೆಯ ವಯಸ್ಸಿನವರು ಮೊದಲಿನ ಒಂಬತ್ತನೇ ಒಂದು ಪಾಲು ಕಸರತ್ತಿನಿಂದ 32 ವಾರ ಸ್ನಾಯುವನ್ನು ಉಳಿಸಿಕೊಂಡರು. ಅರವತ್ತು ದಾಟಿದವರ ಬಲ ಬಹುಪಾಲು ಉಳಿದರೂ ಸ್ನಾಯುವಿನ ಗಾತ್ರ ಕರಗಿತು. ವಯಸ್ಸಾದಂತೆ ಸ್ವಲ್ಪ ಗಟ್ಟಿಯಾಗಿ ಕೇಳಬೇಕು.

ಆದ್ದರಿಂದ ಎಲ್ಲವನ್ನೂ ಒಟ್ಟಿಗೆ ಬೆಳೆಸಲು ಹೋಗಬೇಡಿ. ಎರಡು ಮೂರು ತಿಂಗಳು ಒಂದನ್ನು ಬೆಳೆಸಿ, ಉಳಿದವನ್ನು ಕಾಯ್ದುಕೊಳ್ಳಿ. ಆಮೇಲೆ ಸರದಿ ಬದಲಿಸಿ. ದಿನಾ ವಾಕಿಂಗ್ ಹೋಗುವವರು ವಾಕಿಂಗನ್ನು ಒಂದು ಗಂಟೆಯಿಂದ ಒಂದೂವರೆಗೆ ಏರಿಸುವ ಬದಲು, ಎರಡು ದಿನ ಅದನ್ನು ಅರ್ಧಕ್ಕೆ ನಿಲ್ಲಿಸಿ ಬಸ್ಕಿ, ದಂಡ, ಭಾರ ಎತ್ತುವುದಕ್ಕೆ ಕೊಡಲಿ. ಜಿಮ್ಮಿನ ಹುಡುಗರು ವಾರಕ್ಕೊಮ್ಮೆ ಬೆಟ್ಟವನ್ನೋ ಈಜುಕೊಳವನ್ನೋ ಹುಡುಕಲಿ. ಯೋಗದವರು ಒಂದಿಷ್ಟು ಹಗ್ಗದಾಟ, ಒಂದಿಷ್ಟು ಭಾರ ಸೇರಿಸಿಕೊಂಡರೆ ಅವರ ಯೋಗಕ್ಕೆ ಏನೂ ಕಡಿಮೆಯಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಬಿರುಸಿನ ಚಟುವಟಿಕೆ, ಕನಿಷ್ಠ ಎರಡು ದಿನ ಬಲದ ಕಸರತ್ತು. ಅರವತ್ತೈದು ದಾಟಿದವರಿಗೆ ಮೂರು ದಿನ ಸಮತೋಲದ ಅಭ್ಯಾಸವೂ ಸೇರುತ್ತದೆ. ನಮ್ಮಲ್ಲಿ ಮೊದಲನೆಯದನ್ನು ಕೇಳಿಸಿಕೊಂಡು ಉಳಿದೆರಡನ್ನು ಬಿಟ್ಟವರೇ ಹೆಚ್ಚು.

ಒಂದು ಎಚ್ಚರಿಕೆ. ಸ್ನಾಯು ವಾರಗಳಲ್ಲಿ ಬದಲಾಗುತ್ತದೆ, ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು ಹಾಗಲ್ಲ. ಐವತ್ತು, ಅರವತ್ತರ ದಶಕದ ಅಣುಬಾಂಬ್ ಪರೀಕ್ಷೆಗಳು ಗಾಳಿಗೆ ಬಿಟ್ಟ ವಿಶೇಷ ಇಂಗಾಲವನ್ನು ಸುಳಿವಾಗಿ ಹಿಡಿದು ಡೆನ್ಮಾರ್ಕಿನ ವಿಜ್ಞಾನಿಗಳು ಹಿಮ್ಮಡಿಯ ನಾರನ್ನು ಪರೀಕ್ಷಿಸಿದಾಗ, ಅದರ ಒಡಲು ಹದಿನೇಳರ ಹೊತ್ತಿಗೆ ಬೆಳೆದು ಆಮೇಲೆ ಹೆಚ್ಚುಕಡಿಮೆ ಹೊಸದಾಗುವುದೇ ಇಲ್ಲ ಎಂದು 2013ರಲ್ಲಿ ಗೊತ್ತಾಯಿತು. ತೊಡೆಗೆ ಹುಮ್ಮಸ್ಸು ಬಂತೆಂದು ಒಮ್ಮೆಲೇ ಓಟ ಹೆಚ್ಚಿಸಿದವರ ಹಿಮ್ಮಡಿ, ಮಂಡಿ ನೋಯಲು ಇದೂ ಒಂದು ಕಾರಣ. ಹೊಸ ಕೇಳಿಕೆ ಯಾವುದಾದರೂ ಮೊದಲ ತಿಂಗಳು ಸಾಕೆನಿಸುವುದಕ್ಕೆ ಮುಂಚೆ ನಿಲ್ಲಿಸಿ.

ತಡವಾಯಿತು ಎಂಬ ನೆಪ ಬೇಡ. 1990ರಲ್ಲಿ ಸಂಶೋಧಕಿ ಮರಿಯಾ ಫಿಯಾಟರೋನ್ ಬಾಸ್ಟನ್ನಿನ ವೃದ್ಧಾಶ್ರಮವೊಂದರ 86ರಿಂದ 96 ವರ್ಷದ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ತೊಡೆಯ ಬಲ ಸರಾಸರಿ 174% ಏರಿತು. ನಿಮ್ಮ ಈಗಿನ ಅಭ್ಯಾಸವನ್ನು ಒಮ್ಮೆ ನೋಡಿಕೊಳ್ಳಿ. ಬಲ, ದಮ್ಮು, ಮೂಳೆಗೆ ಪೆಟ್ಟು, ಸಮತೋಲ, ಉಸಿರು, ಇವುಗಳಲ್ಲಿ ಯಾವುದನ್ನು ಅದು ಕೇಳುತ್ತಿಲ್ಲವೋ ಅದನ್ನೇ ಈ ವಾರ ಹತ್ತು ನಿಮಿಷ ಕೇಳಲು ಶುರುಮಾಡಿ. ಎದೆನೋವು, ಹತೋಟಿಗೆ ಬಾರದ ರಕ್ತದೊತ್ತಡ, ಟೊಳ್ಳುಮೂಳೆ ಇರುವವರು ಅದಕ್ಕೆ ಮೊದಲು ವೈದ್ಯರನ್ನು ಕಾಣಿ.